ಪಡಸಾಲೆಯ ತಾಟು

ಹೋದ ವಾರ ಹುಬ್ಬಳ್ಳಿಯಿಂದ ಊರಿಗೆ ಬರುವಾಗ ಕುಂದಗೋಳದ ಹತ್ತಿರ ಒಬ್ಬ ಹೆಣ್ಣುಮಗಳು ಹಸಿ ಕಡಲೆ ಗಿಡದ ಸಿವುಡು ಹೊತ್ತುಕೊಂಡು ಬಸ್ಸು ಹತ್ತಿದಳು. ಕೂಡಲು ಜಾಗ ಇರಲಿಲ್ಲ. ಸಿವುಡನ್ನು ನನ್ನ ಕಾಲಬುಡದಲ್ಲಿ ಇಟ್ಟು ಕಂಬಿ ಹಿಡಿದು ನಿಂತಳು. ಬಸ್ಸಿನ ಸೆಕೆಗೆ ಎಲೆಯ ಹುಳಿ ವಾಸನೆ ಎದ್ದು ಮೂಗಿಗೆ ಬಡಿಯಿತು. ನಮ್ಮ ಕರಿ ಭೂಮಿಯಲ್ಲಿ ಹುಟ್ಟಿದವರಿಗೆ ಆ ವಾಸನೆ ಅಂದರೆ ಬಾಯಲ್ಲಿ ನೀರು. ಚಳಿಗಾಲದ ನಸುಕಿನಲ್ಲಿ ಕಡಲೆ ಹೊಲ ಹಾದು ಬಂದರೆ ಸೀರೆಯ ಅಂಚು ಹುಳಿಯಾಗಿರುತ್ತದೆ. ಚಿಕ್ಕವರಿದ್ದಾಗ ಅವ್ವನ ಆ ಅಂಚನ್ನೇ ಚೀಪುತ್ತಿದ್ದೆವು. ನನಗೆ ಮಾತ್ರ ಈಗ ಆ ವಾಸನೆಗೆ ಸಿಟ್ಟು ಬರುತ್ತದೆ. ಬಸ್ಸಿಳಿದು ಮನೆ ಮುಟ್ಟಿದರೂ ಸಿಟ್ಟು ಇಳಿಯಲಿಲ್ಲ. ಬರೆದರಾದರೂ ಇಳಿದೀತು ಅಂತ ಕೂತಿದ್ದೇನೆ.

ನನಗೆ ಕಾಯಿಲೆ ಬಂದ ವರ್ಷದ ಮುಂಗಾರನ್ನು ನಾನು ನೋಡಿದ್ದು ಆಸ್ಪತ್ರೆಯ ಕಿಟಕಿಯಿಂದ. ನಾನು ನಮ್ಮೂರ ಅಂಗನವಾಡಿ ಟೀಚರು, ಹೆಸರು ಶಿವಲೀಲಾ. ಊರು ಸಂಶಿಯಿಂದ ತುಸು ಒಳಗೆ. ಎಡಗಡೆ ಎದೆಯಲ್ಲಿ ಗಂಟು ಸಿಕ್ಕಿತು, ಹುಬ್ಬಳ್ಳಿಯಲ್ಲಿ ತೋರಿಸಿದೆವು, ಎದೆಯನ್ನೇ ತೆಗೆದರು. ಆಮೇಲೆ ಸಲಾಯನ್ ಹಚ್ಚಿ ಔಷಧ ಏರಿಸಿದರು. ಅದಾದ ಮೇಲೆ ನಮ್ಮ ಮಂದಿ 'ಕರೆಂಟು ಕೊಡೋದು' ಅನ್ನುವ ರೇಡಿಯೇಶನ್. ಕೂದಲು ಹೋಯಿತು, ಹುಬ್ಬು ಹೋಯಿತು, ಬಾಯಿರುಚಿ ಹೋಯಿತು. ನನ್ನ ಗಂಡ ಬಸವರಾಜ ಸಂಶಿಯ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಅಂಗಡಿ ಬಿಟ್ಟು ಬಂದು ನನ್ನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದರು. ನಾನು ಅರ್ಧ ಕುಡಿದು ಸಾಕೆಂದ ಚಹಾವನ್ನು ಅದೇ ಲೋಟದಲ್ಲಿ ಕುಡಿದು ಮುಗಿಸುತ್ತಿದ್ದರು. ಯಾಕೆ ಹೇಳುತ್ತೇನೆ ಅಂದರೆ, ಆಸ್ಪತ್ರೆಯಲ್ಲಿ ಅಷ್ಟು ಗಟ್ಟಿಗನಾಗಿದ್ದ ಗಂಡಸು ನಮ್ಮ ಮನೆಯ ಹೊಸ್ತಿಲು ದಾಟಿದ ಕೂಡಲೇ ಬರೀ ಅವ್ವನ ಮಗ ಆಗಿಬಿಟ್ಟರು.

ವಾರ್ಡಿನಲ್ಲಿ ನನ್ನ ಬಾಜೂ ಮಂಚ ಮುಮ್ತಾಜಳದು. ನಮ್ಮೂರವಳೇ, ಮಸೂತಿ ಓಣಿಯಲ್ಲಿ ಜಂಪರು ಹೊಲಿಯುವವಳು. ಅವಳಿಗೆ ಗರ್ಭಚೀಲದ ಬಾಯಿಯ ಕ್ಯಾನ್ಸರು. ಒಂದೇ ಊರಲ್ಲಿ ಇಷ್ಟು ವರ್ಷ ಇದ್ದು ಅಳತೆ ಕೊಟ್ಟು ತಗೊಳ್ಳುವುದರ ಆಚೆ ನಾವಿಬ್ಬರು ಮಾತಾಡಿದವರಲ್ಲ. ಅಲ್ಲಿ ಮಾತಾಡಿದೆವು. ಮೈ ತೆರೆದು ಬಿದ್ದವರಿಗೆ ಮುಚ್ಚಿಡುವುದು ಇನ್ನೇನು ಉಳಿದಿರುತ್ತದೆ? ನನ್ನ ಹೊಲಿಗೆ ಬಿಚ್ಚಿದ ಮೇಲೆ ನಡುವೆ ಊರಿಗೆ ಹೋಗಿ ಬಂದ ಮುಮ್ತಾಜ ಒಂದು ಜಂಪರು ಹೊಲಿದು ತಂದಳು. ಎಡಗಡೆ ಒಳಗೆ ಸಣ್ಣ ಚೀಲ, ಅದರಲ್ಲಿ ಹತ್ತಿ, ಹತ್ತಿಯ ನಡುವೆ ಒಂದು ಹಿಡಿ ನವಣೆ. ತೂಕ ಇರದಿದ್ದರೆ ಹೆಗಲು ಒಂದು ಕಡೆ ವಾಲುತ್ತದೆ ಅಂತ ಅವಳ ಲೆಕ್ಕ. "ಯಾರ್ ಹಂತ್ಯಾಕೂ ಹೇಳಬ್ಯಾಡ್ರಿ ಟೀಚರ್, ಕೋಳಿ ಬೆನ್ನು ಹತ್ತತಾವು" ಅಂದಳು. ಕಾಯಿಲೆ ಬಂದ ಮೇಲೆ ನಾನು ಮೊದಲ ಸಲ ನಕ್ಕದ್ದು ಆವಾಗ.

ದಸರೆ ಮುಗಿದ ಮೇಲೆ ಮನೆಗೆ ಬಂದೆ. ಅತ್ತೆ ಬಾಗಿಲಲ್ಲಿ ನಿವಾಳಿಸಿದರು, ಅತ್ತರು. ಆ ಅಳು ಸುಳ್ಳಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಸೋಮವಾರ ಒಪ್ಪತ್ತು ಇದ್ದವರು, ಮಠದ ಅಜ್ಜನ ಗದ್ದಿಗೆಗೆ ಬರಿಗಾಲಲ್ಲಿ ನಡೆದವರು. ಒಳಗೆ ಬಂದರೆ ಪಡಸಾಲೆಯ ಗೂಡಿನಲ್ಲಿ ಹೊಸ ಸ್ಟೀಲಿನ ತಾಟು, ಲೋಟ, ಚರಿಗೆ. ತಾಟಿನ ಅಂಚಿಗೆ ನನ್ನ ಹೆಸರು ಕೊರೆಸಿದ್ದರು. ನಮ್ಮ ಕಡೆ ಪಾತ್ರೆಗೆ ಹೆಸರು ಕೊರೆಸುವುದು ಮದುವೆಯಲ್ಲಿ ಉಡುಗೊರೆ ಕೊಟ್ಟವರದು, ಇಲ್ಲವೇ ತೀರಿಕೊಂಡವರ ನೆನಪಿಗೆ ಮಠಕ್ಕೆ ಕೊಡುವಾಗ. ನನ್ನದು ಇವೆರಡರಲ್ಲಿ ಯಾವುದು ಅಂತ ಕೇಳಬೇಕೆನಿಸಿತು. ಹೊಸ ತಾಟು ಪ್ರೀತಿಗೆ ತಂದಿದ್ದಾರೆ ಅಂತ ಮೊದಲ ದಿನ ನಂಬಿದೆ.

ಅದರ ಹಿಂದೆ ಒಂದು ಕಾರಣವಿತ್ತು. ಔಷಧ ಏರಿಸುವ ದಿನಗಳಲ್ಲಿ ವಾರ್ಡಿನ ಸಿಸ್ಟರು ಅತ್ತೆಗೆ ಹೇಳಿದ್ದರು: ಈಗ ಇವರ ಮೈಯಲ್ಲಿ ತಡೆಯುವ ಶಕ್ತಿ ಇಲ್ಲ, ಮನೆಯಲ್ಲಿ ಯಾರಿಗೇ ಕೆಮ್ಮು ನೆಗಡಿ ಬಂದರೂ ಇವರಿಗೆ ಹತ್ತುತ್ತದೆ, ತಾಟು ಲೋಟ ಬೇರೆ ಇಡಿ, ಬಿಸಿನೀರಲ್ಲಿ ತೊಳೆಯಿರಿ. ಅಂದರೆ ಮನೆಯವರಿಂದ ನನ್ನನ್ನು ಕಾಯಬೇಕು ಅಂತ. ಔಷಧ ಮುಗಿಯಿತು, ರಕ್ತ ತಪಾಸಣೆ ಮಾಡಿ ಇನ್ನು ಎಲ್ಲರ ಹಾಗೆ ಇರಿ ಅಂತ ದೊಡ್ಡ ಡಾಕ್ಟರೇ ನನಗೆ ಹೇಳಿದರು, ಆವಾಗ ಅತ್ತೆ ಅಲ್ಲಿರಲಿಲ್ಲ. ಆದರೆ ಸಿಸ್ಟರ ಮಾತು ನಮ್ಮ ಮನೆಯಲ್ಲಿ ತಿರುವುಮುರುವಾಗಿ ನಿಂತಿತ್ತು. ಈಗ ನನ್ನಿಂದ ಮನೆಯವರನ್ನು ಕಾಯುವುದು ನಡೆದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಬೈಗುಳ ಇಲ್ಲ, ಜಗಳ ಇಲ್ಲ. ಜಗಳ ಇದ್ದಿದ್ದರೆ ನನಗೂ ಬಾಯಿ ಇದೆ, ತಿರುಗಿ ಬಡಿಯುತ್ತಿದ್ದೆ. ಎಲ್ಲವನ್ನೂ ಒಂದೇ ಮಾತು ಹೇಳಿ ಕಸಿದುಕೊಂಡರು: "ನಿನಗ್ಯಾಕ ತ್ರಾಸು." ಒಲೆಯ ಹತ್ತಿರ ಹೋದರೆ, ನಿನಗ್ಯಾಕ ತ್ರಾಸು, ಕುಂತಕೊ. ಮಜ್ಜಿಗೆ ಕಡೆಯಲು ಹೋದರೆ, ನಿನಗ್ಯಾಕ ತ್ರಾಸು. ದೇವರ ಮುಂದೆ ದೀಪ ಹಚ್ಚಲು ಹೋದರೆ ಅದೇ. ನನ್ನ ಮಗಳು ಪಲ್ಲವಿ ಆಗ ಐದನೇ ಇಯತ್ತೆ. ಅವಳ ಜಡೆ ಹೆಣೆಯಲು ಬಾಚಣಿಗೆ ಎತ್ತಿದರೆ ಅತ್ತೆ ಎಲ್ಲಿದ್ದರೂ ಬರುತ್ತಿದ್ದರು. ಕೂಸನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ತಾವೇ ಹೆಣೆಯುತ್ತಿದ್ದರು. ಊಟಕ್ಕೆ ಅವರೆಲ್ಲ ಒಳಗೆ, ನಾನು ಪಡಸಾಲೆಯಲ್ಲಿ. ತಟ್ಟನೆ ಮೇಲಿಂದ ರೊಟ್ಟಿ ತಾಟಿಗೆ ಬೀಳುತ್ತಿತ್ತು, ಬೆರಳು ತಾಟಿಗೆ ತಾಗುತ್ತಿರಲಿಲ್ಲ. ಉಂಡ ಮೇಲೆ ತಾಟನ್ನು ನಾನೇ ಹಿತ್ತಲಲ್ಲಿ ತೊಳೆದು ಗೂಡಿನಲ್ಲಿ ಇಡುವುದು. ಅದೊಂದು ಕೆಲಸಕ್ಕೆ ಮಾತ್ರ ನನಗೆ ತ್ರಾಸು ಆಗುತ್ತದೆ ಅಂತ ಯಾರಿಗೂ ಅನಿಸಲಿಲ್ಲ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಪಲ್ಲವಿ ಸಣ್ಣವಳಿದ್ದಾಗಿನಿಂದ ನನ್ನ ತಾಟಿನಲ್ಲೇ ಉಂಡವಳು. ಅವಳದೊಂದು ತಾಟಿದ್ದರೂ ಕೊನೆಯ ತುತ್ತು ನನ್ನದರಿಂದಲೇ ಆಗಬೇಕಿತ್ತು. ಅದು ತಿರುಗಿ ಬರಲಿ ಅಂತಷ್ಟೇ ಆಸೆ. ಒಂದು ಮಧ್ಯಾಹ್ನ ಅತ್ತೆ ಹೊಲಕ್ಕೆ ಹೋಗಿದ್ದರು. ಬಾ ಅಂತ ಕೂಸನ್ನು ಕರೆದು ಮೊಸರು ಅನ್ನದ ತುತ್ತು ಎತ್ತಿದೆ. ಅವಳು ಬಾಯಿ ತೆರೆಯಲೂ ಇಲ್ಲ, ಓಡಲೂ ಇಲ್ಲ, ನನ್ನ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ, "ಆಯಿ ಬೈತಾಳಬೇ" ಅಂದಳು, ಅಜ್ಜಿಗೆ ಹೆದರಿ. ನಾನು ತುತ್ತು ಕೆಳಗಿಟ್ಟೆ. ಕ್ಯಾನ್ಸರ್ ಅಂತ ಡಾಕ್ಟರು ಹೇಳಿದ ದಿನ ಕೂಡ ನನಗೆ ಅಷ್ಟು ಸಂಕಟ ಆಗಿರಲಿಲ್ಲ.

ಗಂಡನಿಗೆ ಹೇಳಿದೆ. ಆಸ್ಪತ್ರೆಯಲ್ಲಿ ನನ್ನ ಎಂಜಲು ಚಹಾ ಕುಡಿದವರು ನೀವು, ಅವ್ವಗೆ ಒಂದು ಮಾತು ಹೇಳಿ ಅಂದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅವ್ವಗೆ ವಯಸ್ಸಾಗಿದೆ, ಅವಳು ತಿಳಿದವರ ಮಾತು ಕೇಳುತ್ತಾಳೆಯೇ ಹೊರತು ನನ್ನ ಮಾತಲ್ಲ, ಯಾರಾದರೂ ಡಾಕ್ಟರು ಹೇಳಿದರೆ ನೋಡೋಣ ಅಂದರು. ಹೇಡಿಯ ಮಾತೇ ಸರಿ. ಆದರೆ ಅದರಲ್ಲಿ ನನಗೊಂದು ದಾರಿ ಕಂಡಿತು.

ಯಾಕೆಂದರೆ ಡಾಕ್ಟರು ಬರುವವರಿದ್ದರು. ವಾರ್ಡಿನಲ್ಲಿ ನಮ್ಮ ಜೊತೆ ಮಾತಾಡಿ ಹೋಗಿದ್ದ ನಿರ್ಮಲಾ ಮೇಡಂ, ಮೈಸೂರ ಕಡೆಯವರು. ಔಷಧ ಕೊಡುವ ಡಾಕ್ಟರಲ್ಲ, ಸಂಶೋಧನೆ ಮಾಡುವವರು. ಕ್ಯಾನ್ಸರಿನಿಂದ ಬದುಕಿ ಹಳ್ಳಿಗೆ ಮರಳಿದ ಹೆಂಗಸರು ಆಮೇಲೆ ಹೇಗೆ ಬದುಕುತ್ತಾರೆ ಅನ್ನುವುದನ್ನು ಬರೆಯುವವರು. ಅದನ್ನು ಕೇಳಿದಾಗಲೇ ನನಗೆ ಅವರ ಮೇಲೆ ಗೌರವ ಹುಟ್ಟಿತ್ತು. ಸಾಯುವವರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬದುಕಿದವರನ್ನು ಕೇಳುವವರು ಯಾರು? ಅತ್ತೆಗೆ ಶಿವನ ನಂತರ ನಂಬಿಕೆ ಇರುವುದು ಬಿಳಿ ಕೋಟಿನ ಮೇಲೆ. ಮೇಡಂ ಒಂದು ಮಾತು ಹೇಳಿದರೆ, ಇಲ್ಲವೇ ಹೇಳಿದ್ದನ್ನು ಅಚ್ಚು ಹಾಕಿಸಿದರೆ, ಗೂಡಿನ ತಾಟು ಅಡುಗೆಮನೆಗೆ ಹೋಗುತ್ತದೆ ಅಂತ ದಿನ ಎಣಿಸಿದೆ.

ಅವರು ಬಂದಾಗ ಕಡಲೆ ಗೇಣೆತ್ತರ ಬಂದಿತ್ತು, ಜೋಳಕ್ಕೆ ತೆನೆ ಕಟ್ಟುತ್ತಿತ್ತು. ಅತ್ತೆ ಹಿಂದಿನ ದಿನವೇ ಪಡಸಾಲೆ ಸಾರಿಸಿ, ಜಮಖಾನೆ ಹಾಸಿ, ಚುರಮುರಿ ಸೂಸಲಾ ಮಾಡಿ, ಇಳಕಲ್ ಸೀರೆ ಉಟ್ಟು ತಯಾರಾಗಿದ್ದರು. ಮೇಡಂ ಒಳ್ಳೆಯವರು. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಕೂತರು, ನನ್ನ ಊದಿದ ತೋಳನ್ನು ಹಿಡಿದು ನೋಡಿದರು, ಹೇಗೆ ಎತ್ತಿಡಬೇಕು ಅಂತ ತೋರಿಸಿದರು. ನನ್ನನ್ನು ಹಾಗೆ ಯಾರಾದರೂ ಮುಟ್ಟಿ ಎಷ್ಟೋ ದಿನವಾಗಿತ್ತು. ಕಣ್ಣಲ್ಲಿ ನೀರು ಬಂತು. ಅವರು ನೋವಾಯಿತೇನೋ ಅಂದುಕೊಂಡು ಕೈ ಬಿಟ್ಟರು.

ಆಮೇಲೆ ಪ್ರಶ್ನೆ ಶುರುವಾದವು. ಅತ್ತೆ ಬಾಗಿಲ ಚೌಕಟ್ಟಿಗೆ ಆತು ಕೂತಿದ್ದರು. ಸ್ವಲ್ಪ ಆಚೆ ಇರ್ರಿ ಅಂತ ಅತ್ತೆಗೆ ಹೇಳುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ, ಮೇಡಂ ಕೂಡ ಹೇಳಲಿಲ್ಲ. ಅಡುಗೆ ಕೆಲಸ ಮಾಡಬೇಕಾಗುತ್ತದೆಯೇ ಅಂತ ಕೇಳಿದರು. ಇಲ್ಲರಿ, ಒಲೆಯ ಹತ್ತಿರ ಬಿಡೂದಿಲ್ಲ ಅಂದೆ. ಬೇರೆ ಮನೆಗೆಲಸ? ಯಾವುದನ್ನೂ ಹಚ್ಚೂದಿಲ್ಲರಿ. ಮಗುವಿನ ಚಾಕರಿ? ಅದನ್ನೂ ಅತ್ತೀನ ಮಾಡ್ತಾರ್ರಿ. ಮಲಗಲು ಬೇರೆ ಜಾಗ ಇದೆಯೇ? ಐತ್ರಿ, ಒಬ್ಬಾಕೀನ ಮಲಗತೀನಿ. ತಾಟು ಲೋಟ? ಗೂಡಿನ ಕಡೆ ಕೈ ತೋರಿಸಿದೆ. ಪ್ರತಿಯೊಂದು ಉತ್ತರವೂ ನನ್ನ ಒಂದೊಂದು ಫಿರ್ಯಾದಿ. ಒಂದನ್ನೂ ಮುಚ್ಚಿಡಲಿಲ್ಲ. ಮೇಡಂ ತಲೆಯಾಡಿಸುತ್ತ ಬರೆದುಕೊಂಡರು. ಗೂಡಿನ ಹತ್ತಿರ ಎದ್ದು ಹೋಗಿ ತಾಟನ್ನು ನೋಡಿ, "ಎಷ್ಟು ಸ್ವಚ್ಛವಾಗಿ ಇಟ್ಟಿದ್ದೀರಿ" ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು, "ಸಿಸ್ಟರ್ ಬಾಯಾರು ಹೇಳಿದಂಗ ಮಾಡೇವ್ರಿ, ಒಂದೂ ತಪ್ಪಿಸಿಲ್ಲ" ಅಂದರು. ಹೋಗುವ ಮೊದಲು ಮೇಡಂ ಬುದ್ಧಿ ಹೇಳಿಯಾರು ಅಂತ ನಾನು ಕಾದೆ. ಬಹುಶಃ ಮನೆಯಲ್ಲಿ ಹೇಳಿದರೆ ಅತ್ತೆಗೆ ಅವಮಾನ ಅಂತ ಸುಮ್ಮನಿದ್ದಾರೆ, ಬರೆಯುವಾಗ ಸರಿಯಾಗಿ ಬರೆಯುತ್ತಾರೆ ಅಂದುಕೊಂಡೆ.

ಬಂದ ಅತಿಥಿಯನ್ನು ಹಾಗೇ ಕಳಿಸುವ ಮನೆ ನಮ್ಮದಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬರಲೇಬೇಕು ಅಂತ ಅತ್ತೆ ಹಠ ಹಿಡಿದರು. ಮೇಡಂ ಬಂದರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬುಟ್ಟಿಗಳ ನಡುವೆ ಕೂತು ನಗುತ್ತ ಬಂದರು. ಬನ್ನಿ ಗಿಡದ ಕೆಳಗೆ ಪೂಜೆ ಆಯಿತು, ನನ್ನ ಗಂಡ ಬೆಳೆಯ ಸುತ್ತ ನೈವೇದ್ಯದ ಚರಗ ಚೆಲ್ಲಿ ಬಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಹೊಲದಲ್ಲಿ ತಾಟಿಲ್ಲ, ಎಲ್ಲರಿಗೂ ಎಲೆಯೇ. ಅತ್ತೆ ನನ್ನನ್ನು ಮೇಡಂ ಬಾಜೂ ಸಾಲಿನ ನಡುವೆ ಕೂರಿಸಿದರು. ಪಲ್ಲವಿಯನ್ನು ಕರೆದು, "ಅವ್ವಗ ಹೋಳಿಗಿ ತಿನಸು, ನಾಚಬ್ಯಾಡ" ಅಂದರು. ಕೂಸು ಅಜ್ಜಿಯ ಮುಖ ಒಮ್ಮೆ ನೋಡಿ, ಖರೆ ಹೇಳುತ್ತಿದ್ದಾಳೆ ಅಂತ ಗೊತ್ತಾದ ಮೇಲೆ, ನನ್ನ ಬಾಯಿಗೆ ಹೋಳಿಗೆ ಇಟ್ಟಿತು. ಮೇಡಂ ಫೋಟೋ ತೆಗೆದರು.

ಊಟದ ನಂತರ ಹಾಗೇ ಕಡಲೆ ಸಾಲಿನಲ್ಲಿ ನಡೆಯುತ್ತ ಒಂದು ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಹುಳಿ ತಟ್ಟಿತು. ಔಷಧ ಏರಿಸಿದ ಮೇಲೆ ಬಾಯಲ್ಲಿ ಬರೀ ಕಬ್ಬಿಣದ ರುಚಿ ಇತ್ತು, ಉಪ್ಪು ಖಾರ ಕೂಡ ಗೊತ್ತಾಗುತ್ತಿರಲಿಲ್ಲ. ಆವತ್ತು ಹುಳಿ ತಿಳಿಯಿತು. ಓಡಿ ಬಂದು ಪಲ್ಲವಿಗೆ ಹೇಳಿದೆ, ಅವಳು ನನ್ನ ಸೊಂಟ ತಬ್ಬಿಕೊಂಡು ಕುಣಿದಳು. ಯಾರೂ ಬೈಯಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಹೆಚ್ಚಿಲ್ಲ. ಮೇಡಂ ಬಂದರು, ಎಲ್ಲ ಸರಿಹೋಯಿತು ಅಂದುಕೊಂಡೆ. ಹುಚ್ಚಿ. ಮರುದಿನ ಮುಂಜಾನೆ ಚಹಾ ಗೂಡಿನ ಲೋಟದಲ್ಲಿ ಬಂತು. ಪಲ್ಲವಿ ನನ್ನ ಹತ್ತಿರ ಬಂದಾಗ ಅತ್ತೆ ಒಳಗಿನಿಂದ ಕರೆದರು. ನಿನ್ನೆಯದು ಮಂದಿಯ ಮುಂದಿನದು. ನಮ್ಮಲ್ಲಿ ಹೊರಗಿನವರ ಮುಂದೆ ಮನೆ ಹರಿದದ್ದು ಕಾಣಬಾರದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಆ ಹಿಂಗಾರು ಹಾಗೇ ಮುಗಿಯಿತು. ಕಡಲೆ ಕಿತ್ತರು, ಜೋಳ ಕೊಯ್ದರು, ರಾಶಿ ಮಾಡಿದರು, ನಾನು ಪಡಸಾಲೆಯಲ್ಲಿ ಕೂತು ನೋಡಿದೆ. ಬೇಸಿಗೆ ಕಳೆದು ಶಾಲೆ ಶುರುವಾದಾಗ ಅಂಗನವಾಡಿಗೆ ಮರಳಿದೆ. ಅಲ್ಲಿ ಮಕ್ಕಳು ಹೆಗಲು ಹತ್ತುತ್ತಿದ್ದವು, ಮೋಟು ಕೂದಲು ಎಳೆಯುತ್ತಿದ್ದವು, ಮೂಗು ನನ್ನ ಸೆರಗಿಗೆ ಒರೆಸುತ್ತಿದ್ದವು. ಊರ ಮಕ್ಕಳಿಗೆ ನಡೆಯುತ್ತಿತ್ತು, ನನ್ನ ಮಗಳಿಗೆ ನಡೆಯುತ್ತಿರಲಿಲ್ಲ.

ಮಳೆಗಾಲದಲ್ಲಿ ಮೇಡಂ ಫೋನಿಗೆ ಅವರ ಬರಹ ಕಳಿಸಿದರು. ಪರದೇಶದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ, ನಿಮ್ಮೆಲ್ಲರ ಸಹಾಯದಿಂದ ಅಂತ ಬರೆದಿದ್ದರು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಸಂಶಿಯ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದರು. ಹೆಸರು ಇರಲಿಲ್ಲ, ಆದರೆ ಅಲ್ಲಿದ್ದದ್ದು ನಮ್ಮ ಮನೆ. ಶಸ್ತ್ರಚಿಕಿತ್ಸೆಯಾದ ಸೊಸೆಯನ್ನು ಅಡುಗೆ, ಮನೆಗೆಲಸ, ಮಗುವಿನ ಚಾಕರಿ ಎಲ್ಲದರಿಂದ ಬಿಡುಗಡೆ ಮಾಡಿದ್ದಾರೆ. ವಿಶ್ರಾಂತಿಗೆ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ಚಿಕಿತ್ಸೆ ಮುಗಿದು ತಿಂಗಳುಗಳಾದರೂ ಪ್ರತ್ಯೇಕ ಪಾತ್ರೆಗಳ ಶುಚಿತ್ವ ತಪ್ಪಿಸಿಲ್ಲ. ಇಡೀ ಕುಟುಂಬ ಒಟ್ಟಿಗೆ ಕೂತು ಉಣ್ಣುತ್ತದೆ, ಮಗಳು ತಾಯಿಗೆ ಕೈಯಾರೆ ತಿನ್ನಿಸುತ್ತಾಳೆ. ಹಳ್ಳಿಯ ಕೂಡುಕುಟುಂಬವೇ ಇಂಥ ರೋಗಿಗಳ ದೊಡ್ಡ ಆಸರೆ. ಮಾಸ್ತರರು ಓದಿ ಮುಗಿಸಿ, "ಪುಣ್ಯ ಮಾಡಿದ್ದೀರಿ ನೋಡ್ರಿ ಟೀಚರ್, ಇಂಥ ಮನಿ ಸಿಗಬೇಕಂದ್ರ" ಅಂದರು. ನಾನು ಹೌದ್ರಿ ಅಂದು ಎದ್ದು ಬಂದೆ. ಮಳೆಯಲ್ಲಿ ಬಸ್ ಸ್ಟಾಂಡಿನವರೆಗೆ ಕೊಡೆ ಬಿಚ್ಚಿಕೊಳ್ಳುವುದನ್ನೂ ಮರೆತು ನಡೆದೆ.

ಮೇಡಂ ಸುಳ್ಳು ಬರೆದಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ನಾನು ಹೇಳಿದ್ದನ್ನೇ, ಅವರು ಕಣ್ಣಾರೆ ಕಂಡದ್ದನ್ನೇ ಬರೆದಿದ್ದರು. ನನ್ನ ಫಿರ್ಯಾದಿಗಳೆಲ್ಲ ಒಂದೂ ಬಿಡದೆ ಅಲ್ಲಿದ್ದವು, ಅತ್ತೆಯ ಉಪಕಾರಗಳಾಗಿ. ಇಷ್ಟು ದೂರ ಬಂದು, ನೆಲದ ಮೇಲೆ ಕೂತು, ತೋಳು ಹಿಡಿದು ನೋಡಿದ ಓದಿದ ಹೆಂಗಸಿಗೆ ಒಂದು ಪ್ರಶ್ನೆ ಹೊಳೆಯಲಿಲ್ಲ: ಇದು ನಿಮಗೆ ಹೇಗನ್ನಿಸುತ್ತದೆ?

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು, ಇಂಗ್ಲಿಷ್ ಪತ್ರಿಕೆ ನಮ್ಮೂರಲ್ಲಿ ಓದುವವರು ಯಾರು? ಆದರೆ ಸ್ವಲ್ಪ ದಿನಕ್ಕೆ ಕುಂದಗೋಳದಲ್ಲಿ ಆರೋಗ್ಯ ಜಾಗೃತಿಯ ಕಾರ್ಯಕ್ರಮ ಇಟ್ಟುಕೊಂಡರು. ಮೇಡಂ ಮುಖ್ಯ ಅತಿಥಿ. ಮಾದರಿ ಕುಟುಂಬಕ್ಕೆ ಸನ್ಮಾನ ಅಂತ ಅತ್ತೆಗೆ ಕರೆ ಬಂತು. ಊರಿನಿಂದ ಒಂದು ಟೆಂಪೋ ತುಂಬ ಮಂದಿ ಹೋದೆವು, ಮುಮ್ತಾಜ ಮತ್ತು ಅವಳ ಮಗಳು ಶಬಾನಾ ಕೂಡ ಬಂದರು. ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಚಪ್ಪಾಳೆ ತಟ್ಟಿದರು. ನಿರೂಪಣೆ ಮಾಡುವವರು ಮೈಕಿನಲ್ಲಿ, ಈ ತಾಯಿ ಸೊಸೆಗೆ ಒಂದು ಕಡ್ಡಿ ಎತ್ತಿಡಲೂ ಬಿಟ್ಟಿಲ್ಲ, ಇವತ್ತಿಗೂ ತಾಟು ಲೋಟ ಬೇರೆ ಇಟ್ಟು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾರೆ ಅಂತ ಹೇಳಿದರು. ಅತ್ತೆ ಮತ್ತೆ ಅತ್ತರು. ಆ ಅಳುವೂ ಸುಳ್ಳಲ್ಲ.

ನಾನು ವೇದಿಕೆಯ ಹಿಂದೆ ಹೋಗಿ ಮೇಡಂ ಅವರನ್ನು ಹಿಡಿದೆ. ಅವರು ಸಂತೋಷದಿಂದ ಕೈ ಹಿಡಿದರು. ನಾನು ನೇರವಾಗಿ ಹೇಳಿದೆ, "ಮೇಡಂ, ಅದು ಆಸರ ಅಲ್ರಿ. ನನ್ನ ಹೊರಗ ಇಟ್ಟಾರ್ರಿ. ರೋಗ ಹತ್ತತೈತಿ ಅಂತ ನನ್ನ ಮಗಳನ್ನ ನನ್ನ ಹಂತ್ಯಾಕ ಬಿಡೂದಿಲ್ರಿ."

ಅವರ ಮುಖ ಇಳಿಯಿತು. "ನೀವು ಆವತ್ತು ಹಾಗೆ ಹೇಳಲಿಲ್ಲವಲ್ಲ ಶಿವಲೀಲಾ" ಅಂದರು.

"ಎಲ್ಲಾ ಹೇಳೇನ್ರಿ. ತಾಟ ತೋರಿಸೇನ್ರಿ. ಅತ್ತಿ ಬಾಗಲದಾಗ ಕುಂತಾಗ ಇದಕ್ಕಿಂತ ಹೆಂಗ ಹೇಳಬೇಕಿತ್ರಿ?"

ಅವರು ನನ್ನ ಕೈ ಬಿಟ್ಟರು. ಆಮೇಲೆ, ಪ್ರಕಟವಾಗಿ ಹೋಗಿದೆ, ಮುಂದಿನ ಅಧ್ಯಯನದಲ್ಲಿ ಇದನ್ನು ಖಂಡಿತ ಸೇರಿಸುತ್ತೇನೆ, ನೀವು ಬಿಡುವಾಗಿ ಮತ್ತೊಮ್ಮೆ ಮಾತಾಡಬೇಕು ಅಂದರು. ಮುಂದಿನದು ಮುಂದೆ ಇರಲಿ, ಈಗ ಮೈಕಿನಲ್ಲಿ ನಮ್ಮ ಅತ್ತೆ ಕೇಳುವ ಹಾಗೆ ಒಂದು ಮಾತು ಹೇಳಿ, ಬೇರೆ ತಾಟು ಬೇಕಾಗಿಲ್ಲ ಅಂತ, ಅಷ್ಟು ಸಾಕು ಅಂತ ಬೇಡಿಕೊಂಡೆ. ಅವರು ಹೂಂ ಅಂದು ವೇದಿಕೆ ಹತ್ತಿದರು. ಕುರ್ಚಿಯಲ್ಲಿ ಶಾಲು ಹೊದ್ದು ಕೂತ ಮುದುಕಿಯನ್ನು ನೋಡಿದರು. ಆಗಷ್ಟೇ ತಾವೇ ಹೊದಿಸಿದ ಶಾಲು. ಅವರ ಬಾಯಿಂದ ಬಂದದ್ದು ಇಷ್ಟೇ: ಕ್ಯಾನ್ಸರ್ ಅಂಟುರೋಗವಲ್ಲ, ಯಾರೂ ಭಯಪಡಬೇಕಾಗಿಲ್ಲ. ಎಲ್ಲ ದವಾಖಾನೆಯ ಗೋಡೆಯ ಮೇಲೂ ಇರುವ ಮಾತು. ಮಂದಿ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದರು.

ಟೆಂಪೋದಲ್ಲಿ ಮರಳುವಾಗ ಅತ್ತೆಗೆ ನಾನೇ ಹೇಳಿದೆ, ಕೇಳಿದಿರಲ್ಲ, ಅಂಟುವುದಿಲ್ಲವಂತೆ. ಅತ್ತೆ ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಅಂಟೂದಿಲ್ಲ ಅಂತ ನನಗೂ ಗೊತ್ತೈತಿ ತಂಗೀ. ಆದ್ರೂ ಜ್ವಾಕಿ ಬೇಕಲ್ಲ. ಅದಕ್ಕ ಅಲ್ಲೇನು ಅವರು ನಮ್ಮನ್ನ ಕರದು ಶಾಲು ಹೊದಿಸಿದ್ದು?" ಅಂದರು. ಮೊದಲು ಆ ತಾಟು ಅತ್ತೆಯ ಭಯವಾಗಿತ್ತು, ಭಯವನ್ನಾದರೂ ಎಂದಾದರೂ ಬಿಡಿಸಬಹುದು. ಈಗ ಅದು ಅತ್ತೆಯ ಮರ್ಯಾದೆ.

ಅದಾದ ಮೇಲೆ ಸ್ವಲ್ಪ ದಿನ ಮುಮ್ತಾಜ ಕಾಣಲಿಲ್ಲ. ಶ್ರಾವಣದ ಒಂದು ಮಧ್ಯಾಹ್ನ ಅಂಗನವಾಡಿ ಮುಚ್ಚಿ ಅವಳ ಮನೆಗೆ ಹೋದೆ. ಮುಮ್ತಾಜಳ ಮನೆಯ ಊಟ ನಾನು ಎಷ್ಟೋ ಸಲ ಬಾಗಿಲಲ್ಲಿ ನಿಂತು ಹೊಟ್ಟೆಕಿಚ್ಚಿನಿಂದ ನೋಡಿದ್ದೆ. ದೊಡ್ಡ ತಾಟು ನಡುವೆ ಇಟ್ಟು, ಅವಳು, ಶಬಾನಾ, ಅಳಿಯ, ಮೊಮ್ಮಕ್ಕಳು ಎಲ್ಲರೂ ಅದಕ್ಕೇ ಕೈ ಹಾಕಿ ಉಣ್ಣುವವರು. ಅವಳು ಆಸ್ಪತ್ರೆಯಿಂದ ಬಂದ ದಿನವೂ ಹಾಗೇ ಉಂಡಿದ್ದರು. ಸಿಸ್ಟರ ಮಾತು ಅವರ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಆವತ್ತು ದೊಡ್ಡ ತಾಟು ಒಳಗಿತ್ತು, ಮಕ್ಕಳ ಗಲಾಟೆ ಕೇಳುತ್ತಿತ್ತು. ಮುಮ್ತಾಜ ಹೊರಗೆ ಹೊಲಿಗೆ ಮಶೀನಿನ ಬಾಜೂ ಒಬ್ಬಳೇ ಕೂತಿದ್ದಳು. ಮುಂದೆ ಸಣ್ಣದೊಂದು ಹೊಸ ತಾಟು. ಅದರಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ನಾನು ತಾಟನ್ನು ನೋಡಿದ್ದನ್ನು ಅವಳು ನೋಡಿದಳು. ಶಬಾನಾ ನೀರು ತಂದು ಕೊಟ್ಟು, ತಾನೇ ಹೆಮ್ಮೆಯಿಂದ ಹೇಳಿದಳು. ನಮಗೆ ಇಷ್ಟು ದಿನ ಗೊತ್ತಿರಲಿಲ್ಲ, ಅಮ್ಮೀನ ಸರಿಯಾಗಿ ನೋಡಿಕೊಂಡಿರಲಿಲ್ಲ, ಕುಂದಗೋಳದಲ್ಲಿ ಡಾಕ್ಟರ ಮುಂದೆ ಮೈಕಿನಲ್ಲಿ ಹೇಳಿದ್ದು ಕೇಳಿ ಕಣ್ಣು ತೆರೆಯಿತು. ಅಲ್ಲಿಂದ ಬಂದ ಮರುದಿನವೇ ಅವಳ ಗಂಡ ಹುಬ್ಬಳ್ಳಿಯಿಂದ ತಾಟು ತಂದನಂತೆ. ಮೊಮ್ಮಗ ಅಜ್ಜಿಯ ಕಡೆ ಓಡಿ ಬಂದ, ಶಬಾನಾ ಅವನ ರಟ್ಟೆ ಹಿಡಿದು ಮೆತ್ತಗೆ ಒಳಗೆ ಕಳಿಸಿದಳು. "ನಾನೀಗೆ ತ್ರಾಸ ಕೊಡಬಾರದು" ಅಂದಳು.

ಶಬಾನಾ ಒಳಗೆ ಹೋದ ಮೇಲೆ ನಾನು ಚಪ್ಪಲಿ ಬಿಟ್ಟು ಮುಮ್ತಾಜಳ ಎದುರು ನೆಲದ ಮೇಲೆ ಕೂತೆ. ಅವರ ಮನೆಯಲ್ಲಿ ನಾನು ಚಹಾ ಕುಡಿದಿದ್ದೇನೆ, ಊಟ ಮಾಡಿದವಳಲ್ಲ. ನಮ್ಮ ಓಣಿಯವರು ಯಾರೂ ಮಾಡಿದವರಲ್ಲ. ಅವಳ ತಾಟಿಗೆ ಕೈ ಹಾಕಿ ರೊಟ್ಟಿ ಮುರಿದೆ. ಮುಮ್ತಾಜ ನನ್ನ ಕೈ ಹಿಡಿದಳು.

"ಬ್ಯಾಡ್ರಿ ಟೀಚರ್. ನಿಮ್ಮ ಅತ್ತಿಗೆ ಗೊತ್ತಾದ್ರ?"

"ಗೊತ್ತಾದ್ರ ಏನ್ ಮಾಡ್ತಾರ? ನನ್ನ ತಾಟ ಬ್ಯಾರೆ ಇಡ್ತಾರೇನು?"

ಅವಳು ಕೈ ಬಿಟ್ಟಳು. ಇಬ್ಬರೂ ಉಣ್ಣತೊಡಗಿದೆವು. ಪಲ್ಯಕ್ಕೆ ಉಪ್ಪು ಕಡಿಮೆ ಇತ್ತು, ಉಪ್ಪು ಕೇಳಿದೆ. ಉಪ್ಪಿನ ಡಬ್ಬಿ ಹಿಡಿದು ಬಂದ ಶಬಾನಾ ನಾವು ಒಂದೇ ತಾಟಿನಲ್ಲಿ ಉಣ್ಣುವುದನ್ನು ಕಂಡು ಬಾಗಿಲಲ್ಲೇ ನಿಂತಳು. ಅವಳು ಗಾಬರಿಯಾಗುತ್ತಾಳೆ, ನಾಚುತ್ತಾಳೆ, ಏನಾದರೂ ಅನ್ನುತ್ತಾಳೆ ಅಂತ ನಾನು ಕಾದೆ. ಅವಳ ಮುಖದಲ್ಲಿ ಬಂದದ್ದು ನಿರಾಳ. ತಾಯಿ ಒಬ್ಬಳೇ ಉಣ್ಣುವುದು ಆ ಹುಡುಗಿಗೂ ಚುಚ್ಚುತ್ತಿತ್ತೋ ಏನೋ.

"ಚಲೋ ಆತ್ರಿ ಟೀಚರ್" ಅಂದಳು, ಮನಸ್ಸಿನಿಂದ. "ದಿನಾ ಬರ್ರಿ. ನಿಮಗ ಇಬ್ಬರಿಗೂ ನಡೀತೈತಿ."

ಮುಮ್ತಾಜ ತಲೆ ಎತ್ತಲಿಲ್ಲ. ಶಬಾನಾ ಸ್ವಲ್ಪ ಮೇಲಿನಿಂದ, ತಾಟಿಗೆ ಕೈ ತಾಗದ ಹಾಗೆ, ಉಪ್ಪು ಉದುರಿಸಿ ಒಳಗೆ ಹೋದಳು.